ಬೋಣಿ ಶಾಟ್

ಯಾವ ಅಂಗಡಿಯವನೂ ಬೋಣಿ ಬಿಟ್ಟುಕೊಡುವುದಿಲ್ಲ. ದಿನದ ಮೊದಲ ಗಿರಾಕಿ ಅರ್ಧ ಬೆಲೆಗೆ ಕೇಳಿದರೂ ಗೊಣಗಿಕೊಂಡೇ ಕೊಟ್ಟು ಕಳಿಸುತ್ತಾನೆ. ಆದರೆ ದೊಡ್ಡಮ್ಮನ ಪ್ರಯೋಗಾಲಯದಲ್ಲಿ ಮಾತ್ರ ಬೋಣಿಯನ್ನು ತಪ್ಪದೆ ಚೆಲ್ಲುತ್ತಿದ್ದರು. ಬೆಳಿಗ್ಗೆ ರಾಡಾರಿನಂತೆ ಮೈಕ್ರೋವೇವ್ ಅಲೆ ಹೊಮ್ಮಿಸುವ ಯಂತ್ರ ಚಾಲೂ ಮಾಡಿ ಹೊಡೆಯುವ ಮೊದಲ ಪಲ್ಸಿಗೆ, ಅಂದರೆ ಅಲೆಯ ಮೊದಲ ಏಟಿಗೆ, ಅಲ್ಲಿ ‘ಬೋಣಿ ಶಾಟ್’ ಎಂದು ಹೆಸರು. ಅದನ್ನು ಯಾರೂ ನೋಡುತ್ತಿರಲಿಲ್ಲ, ಬರೆದುಕೊಳ್ಳುತ್ತಲೂ ಇರಲಿಲ್ಲ. ಅಳತೆ ತೋರಿಸುವ ಪರದೆ ಹಾಕುತ್ತಿದ್ದದ್ದೇ ಎರಡನೆಯ ಶಾಟಿನಿಂದ.

ಈ ಕಟ್ಟಳೆ ಮಾಡಿದವಳು ದೊಡ್ಡಮ್ಮನೇ. ಪ್ರಯೋಗಾಲಯ ಶುರುವಾದ ಕಾಲಕ್ಕೆ ಅಲ್ಲಿದ್ದದ್ದು ಯಾವುದೋ ಹಡಗಿನಿಂದ ಕಿತ್ತು ತಂದ ಹಳೇ ಯಂತ್ರ. ಬೆಳಗಿನ ಚಳಿಗೆ ಅದರ ಮೈ ಬಿಸಿಯೇರುತ್ತಿರಲಿಲ್ಲ, ಮೊದಲ ಪಲ್ಸ್ ಸೊಟ್ಟಗೆ ಬರುತ್ತಿತ್ತು. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂದು ದೊಡ್ಡಮ್ಮ ಹೇಳಿದಳು. ಆಮೇಲೆ ಆ ಯಂತ್ರ ಗುಜರಿಗೆ ಹೋಯಿತು, ಹೊಸದು ಬಂತು, ಹೊಸದು ಮೊದಲ ಏಟಿಗೇ ನೆಟ್ಟಗೆ ಹೊಡೆಯುತ್ತಿತ್ತು. ಕಟ್ಟಳೆ ಮಾತ್ರ ಕೂತಲ್ಲೇ ಕೂತಿತ್ತು. ಮನೆ ಬದಲಾಯಿಸಿದ ಮೇಲೂ ಜನ ಹಳೇ ಮನೆಯ ಬೀಗದ ಕೈಯನ್ನು ಗೊಂಚಲಿನಲ್ಲೇ ಇಟ್ಟುಕೊಂಡು ತಿರುಗುವುದಿಲ್ಲವೇ, ಹಾಗೆ.

ದೊಡ್ಡಮ್ಮ ಎಂದರೆ ಪುಟಾಣಿಯ ತಾಯಿಯ ಅಕ್ಕ. ಪುಟಾಣಿ ಎಂಬುದು ಮನೆಯವರಿಟ್ಟ ಹೆಸರು. ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರ ಬೆಳೆದ ಹೆಂಗಸನ್ನು ಇನ್ನೂ ಹಾಗೆ ಕರೆಯುವುದು ಅನ್ಯಾಯ, ಆದರೆ ಮನೆಯ ನ್ಯಾಯವೇ ಬೇರೆ. ಕೆಲಸಕ್ಕೆ ಸೇರಿದ ಮೊದಲ ದಿನ ಅವಳು ಎಲ್ಲರೆದುರು ‘ಮೇಡಂ’ ಎನ್ನುವ ಬದಲು ಬಾಯಿತಪ್ಪಿ ‘ದೊಡ್ಡಮ್ಮ’ ಎಂದುಬಿಟ್ಟಿದ್ದಳು. ಅಂದಿನಿಂದ ಇಡೀ ಪ್ರಯೋಗಾಲಯಕ್ಕೆ ಆಕೆ ದೊಡ್ಡಮ್ಮ, ಅದೂ ಬೆನ್ನ ಹಿಂದೆ ಮಾತ್ರ. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗಿತ್ತು! ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡ ಹೆಂಗಸು. ಅವರು ಬೈಯೋಕೆ ಶುರು ಮಾಡಿದರೆ ಕಿಟಕಿ ಗಾಜೂ ಬೆವರುತ್ತೆ ಎಂದು ಸ್ವಿಚ್ಚಣ್ಣ ಹೇಳುತ್ತಿದ್ದ. ಸ್ವಿಚ್ಚಣ್ಣ ಯಂತ್ರದ ಗುಂಡಿ ಒತ್ತುವ ಆಪರೇಟರ್. ಬೋಣಿ ಶಾಟ್ ಹೊಡೆದು, ಯಂತ್ರಕ್ಕೆ ಬೆನ್ನು ಹಾಕಿ, ಎಲ್ಲರಿಗೂ ಚಹಾ ತರಲು ಹೋಗುವುದು ಅವನ ದಿನದ ಮೊದಲ ಕೆಲಸ.

ದೊಡ್ಡಮ್ಮನದು ಮಹಡಿಯ ಮೇಲಿನ ಮನೆ, ಪುಟಾಣಿ ಮತ್ತು ಅವಳ ತಾಯಿಯದು ಕೆಳಗಿನದು. ಮನೆಯಲ್ಲಿ ಪುಟಾಣಿ ದೊಡ್ಡಮ್ಮನನ್ನು ‘ನೀನು’ ಎನ್ನುತ್ತಿದ್ದಳು, ಪ್ರಯೋಗಾಲಯದ ಗೇಟು ದಾಟಿದೊಡನೆ ‘ನೀವು’. ಇಬ್ಬರೂ ಒಂದೇ ಕಾರಿನಲ್ಲಿ ಬರುತ್ತಿದ್ದರಿಂದ ಗೇಟಿನ ಹತ್ತಿರ ಬಂದಾಗ ಮಾತು ನಡುದಾರಿಯಲ್ಲೇ ವೇಷ ಬದಲಾಯಿಸಿಕೊಳ್ಳುತ್ತಿತ್ತು. ಇಬ್ಬರಿಗೂ ಅದು ಎಷ್ಟು ರೂಢಿಯಾಗಿತ್ತೆಂದರೆ ನಗುವುದನ್ನೂ ಬಿಟ್ಟಿದ್ದರು.

ಇನ್ನು ದೊಡ್ಡಮ್ಮನ ಟ್ಯೂಬಿನ ವಿಷಯ. ಹೆಬ್ಬೆರಳಿನಷ್ಟು ಗಾಜಿನ ಕೊಳವೆ, ಒಳಗೆ ಒಂದಿಷ್ಟು ತೆಳು ಅನಿಲ, ಅಷ್ಟೇ. ಸಣ್ಣ ದೋಣಿಗಳ ರಾಡಾರಿನಲ್ಲಿ ಆಂಟೆನಾಕ್ಕೂ, ಮರಳಿ ಬಂದ ಅಲೆಯನ್ನು ಗ್ರಹಿಸುವ ರಿಸೀವರಿಗೂ ನಡುವೆ ಅದನ್ನು ಕೂರಿಸುತ್ತಾರೆ. ಮಂಜು ಕವಿದ ಸಮುದ್ರದಲ್ಲಿ ದೊಡ್ಡ ಹಡಗೊಂದು ಪಕ್ಕಕ್ಕೇ ಬಂದು ತನ್ನ ರಾಡಾರ್ ಹಾಕಿತು ಅನ್ನಿ. ಅದರ ಪಲ್ಸ್ ಈ ಪುಟ್ಟ ರಿಸೀವರಿನೊಳಗೆ ನುಗ್ಗಿದರೆ ಅದು ಅಲ್ಲೇ ಸುಟ್ಟುಹೋಗುತ್ತದೆ, ದೋಣಿಯವನು ಮಂಜಿನ ನಡುವೆ ಕುರುಡನಾಗುತ್ತಾನೆ. ಟ್ಯೂಬ್ ಇರುವುದು ಅದನ್ನು ತಡೆಯಲಿಕ್ಕೆ. ಬಲವಾದ ಪಲ್ಸ್ ಬಂದೊಡನೆ ಒಳಗಿನ ಅನಿಲ ಕಿಡಿಯಾಗಿ ಹೊತ್ತಿಕೊಳ್ಳುತ್ತದೆ. ಆ ಕಿಡಿಯೇ ಗೋಡೆಯಾಗಿ ನಿಂತು ಪಲ್ಸನ್ನು ಬಂದ ದಾರಿಗೆ ಅಟ್ಟುತ್ತದೆ.

ಆದರೆ ಅನಿಲ ಸುಮ್ಮಸುಮ್ಮನೆ ಹೊತ್ತಿಕೊಳ್ಳುವುದಿಲ್ಲ. ಪಲ್ಸ್ ಬಂದ ಗಳಿಗೆಯಲ್ಲಿ ಒಳಗೆ ಎಲ್ಲೋ ಒಂದು ಬಿಡಿ ಎಲೆಕ್ಟ್ರಾನ್ ಇರಬೇಕು. ಪಲ್ಸ್ ಅದನ್ನು ಹಿಡಿದು ಅಲ್ಲಾಡಿಸುತ್ತದೆ, ಅದು ಹೋಗಿ ಒಂದು ಪರಮಾಣುವಿಗೆ ಗುದ್ದಿ ಇನ್ನೊಂದು ಎಲೆಕ್ಟ್ರಾನನ್ನು ಬಿಡಿಸುತ್ತದೆ, ಎರಡು ನಾಲ್ಕಾಗಿ ನಾಲ್ಕು ಎಂಟಾಗಿ ಕಣ್ಣು ಮಿಟುಕಿಸುವುದರೊಳಗೆ ಟ್ಯೂಬ್ ತುಂಬ ಕಿಡಿ. ಬೀದಿಯಲ್ಲಿ ಗುಸುಗುಸು ಹಬ್ಬುವುದೂ ಹೀಗೆಯೇ. ಹಬ್ಬಿದ ಮೇಲೆ ತಡೆಯುವವರಿಲ್ಲ, ಆದರೆ ಮೊದಲು ಯಾರಾದರೊಬ್ಬರು ಬಾಯಿ ಬಿಡಬೇಕು. ಆ ಮೊದಲ ಎಲೆಕ್ಟ್ರಾನಿಗಾಗಿ ಬೇರೆಯವರು ಟ್ಯೂಬಿನಲ್ಲಿ ವಿಕಿರಣ ಸೂಸುವ ವಸ್ತುವಿನ ಒಂದು ಚೂರು ಇಡುತ್ತಿದ್ದರು. ದೊಡ್ಡಮ್ಮನಿಗೆ ಅದು ಬೇಡ. ದೋಣಿ ಗುಜರಿಗೆ ಹೋದ ಮೇಲೆ ಆ ಚೂರು ಯಾರ ಮನೆಯ ಮಕ್ಕಳ ಕೈಗೆ ಸಿಗುತ್ತದೋ ಎಂಬ ಯೋಚನೆ ಅವಳದು. ಅನಿಲಗಳ ಹದ ಸರಿಯಿದ್ದರೆ ಟ್ಯೂಬಿಗೆ ಯಾವ ಚೂರಿನ ಹಂಗೂ ಬೇಕಿಲ್ಲ ಎಂದು ಹಠ ಹಿಡಿದು, ಅದರಲ್ಲೇ ಅರ್ಧ ಆಯುಷ್ಯ ಕಳೆದು, ಕೊನೆಗೆ ಮಾಡಿಯೂ ತೋರಿಸಿದ್ದಳು. ಪರೀಕ್ಷೆಗಳಲ್ಲಿ ಅವಳ ಟ್ಯೂಬ್ ಒಂದೇ ಒಂದು ಪಲ್ಸನ್ನೂ ಒಳಗೆ ಬಿಟ್ಟಿರಲಿಲ್ಲ.

ಇನ್ನು ರಾಡಾರ್ ಕಂಪನಿಯವರು ಬಂದು ಕಣ್ಣಾರೆ ನೋಡಿ ಒಪ್ಪಬೇಕು. ಒಪ್ಪಿದರೆ ಟ್ಯೂಬ್ ದೋಣಿಗಳಿಗೆ ಹೋಗುತ್ತದೆ, ದೊಡ್ಡಮ್ಮ ತೃಪ್ತಿಯಿಂದ ನಿವೃತ್ತಿಯಾಗುತ್ತಾಳೆ. ಆ ಪರೀಕ್ಷೆಯ ವರದಿಗೆ ಸಹಿ ಹಾಕಬೇಕಾದವಳು ಅಳತೆಗಳ ಹೊಣೆ ಹೊತ್ತಿದ್ದ ಪುಟಾಣಿ.

ಹೀಗಿರುವಾಗ ಸ್ವಿಚ್ಚಣ್ಣ ಹಲ್ಲು ಕೀಳಿಸಿಕೊಳ್ಳಲೆಂದು ಒಂದು ದಿನ ರಜೆ ಹಾಕಿದ. ಗುಂಡಿ ಒತ್ತುವ ಕೆಲಸ ಪುಟಾಣಿಯ ಪಾಲಿಗೆ ಬಂತು. ಅವನ ಅಭ್ಯಾಸ ಅವಳ ಕೈಗಿರಲಿಲ್ಲ. ಮೊದಲು ಪರದೆ ಹಾಕಿ ಆಮೇಲೆ ಗುಂಡಿ ಒತ್ತಿದಳು. ಪರದೆಯ ಮೇಲೆ ಪಲ್ಸ್ ಪೂರ್ತಿಯಾಗಿ, ಎಲ್ಲೂ ಮುರಿಯದೆ, ರಿಸೀವರ್ ಇರಬೇಕಾದ ಜಾಗಕ್ಕೆ ಬಂದು ನಿಂತಿತ್ತು. ಟ್ಯೂಬ್ ಅದನ್ನು ತಡೆದೇ ಇರಲಿಲ್ಲ. ಯಂತ್ರ ತಣ್ಣಗಿದೆ, ಅದಕ್ಕೇ ಹೀಗೆ ಎಂದು ತಲೆ ಕೊಡವಿ ಮುಂದಿನ ಶಾಟ್ ಹೊಡೆದಳು. ಕಿಡಿ ಬಂತು, ಪಲ್ಸ್ ಹಿಂದಕ್ಕೆ ಹೋಯಿತು, ಎಂದಿನಂತೆ.

ಚಹಾ ಕುಡಿಯುವಾಗ ಅವಳಿಗೆ ಹೊಳೆಯಿತು: ಯಂತ್ರ ತಣ್ಣಗಿದ್ದರೆ ಪಲ್ಸ್ ಸೊಟ್ಟಗೆ ಬರಬೇಕಿತ್ತು. ಇದು ನೆಟ್ಟಗೆ ಬಂದಿತ್ತು. ಚಹಾ ಆರುವ ತನಕ ಅವಳು ಲೋಟ ಹಿಡಿದುಕೊಂಡೇ ಕೂತಿದ್ದಳು.

ಮರುದಿನದಿಂದ ಬೆಳಿಗ್ಗೆ ದೊಡ್ಡಮ್ಮನ ಕಾರಿಗೆ ಕಾಯದೆ ಬಸ್ಸು ಹಿಡಿದು ಸ್ವಿಚ್ಚಣ್ಣನಿಗಿಂತ ಮೊದಲೇ ಹೋಗತೊಡಗಿದಳು. ಟ್ಯೂಬ್ ಕೂರಿಸುವ ಲೋಹದ ಕೊಳವೆಯನ್ನು ಖಾಲಿ ಬಿಟ್ಟು ಅದಕ್ಕೆ ಹೊಡೆದು ಹೊಡೆದು ಯಂತ್ರವನ್ನು ಚೆನ್ನಾಗಿ ಬಿಸಿ ಮಾಡಿದಳು. ಆಮೇಲೆ ಹಿಂದಿನ ಸಂಜೆಯಿಂದ ಸುಮ್ಮನೆ ಇಟ್ಟಿದ್ದ ಟ್ಯೂಬ್ ತಂದು ಕೂರಿಸಿ ಒಂದೇ ಒಂದು ಶಾಟ್. ಪಲ್ಸ್ ದಾಟಿಹೋಯಿತು. ಬೇರೆ ಟ್ಯೂಬ್ ಕೂರಿಸಿದಳು, ಅದರಲ್ಲೂ ದಾಟಿತು. ಅಪರೂಪಕ್ಕೊಮ್ಮೆ ಅದೃಷ್ಟವಿದ್ದಂತೆ ಕಿಡಿ ಬಂದದ್ದೂ ಉಂಟು, ಆದರೆ ಅದೃಷ್ಟವನ್ನು ಡಬ್ಬಿಯಲ್ಲಿ ಹಾಕಿ ದೋಣಿಯವನಿಗೆ ಮಾರಲಾಗುತ್ತದೆಯೇ? ಒಂದು ಸಲ ಕಿಡಿ ಬಂದ ಟ್ಯೂಬ್ ಮಾತ್ರ ಆಮೇಲೆ ಬಹಳ ಹೊತ್ತಿನ ತನಕ ತಪ್ಪದೆ ಕೆಲಸ ಮಾಡುತ್ತಿತ್ತು. ಕಿಡಿ ಆರಿದ ಮೇಲೂ ಅದರ ಎಂಜಲು ಒಳಗೆ ಉಳಿದಿರುತ್ತದೆ. ಮುಂದಿನ ಪಲ್ಸಿಗೆ ಬೇಕಾದ ಬಿಡಿ ಎಲೆಕ್ಟ್ರಾನ್ ಅದರಿಂದಲೇ ಹುಟ್ಟುತ್ತದೆ. ರಾತ್ರಿಯಿಡೀ ಸುಮ್ಮನಿದ್ದ ಟ್ಯೂಬಿನಲ್ಲಿ ಆ ಎಂಜಲೂ ಇರುವುದಿಲ್ಲ, ಎಲೆಕ್ಟ್ರಾನೂ ಇರುವುದಿಲ್ಲ. ಪಲ್ಸ್ ಬರುವುದು ಗೊತ್ತಾಗುವ ಮೊದಲೇ ದಾಟಿಹೋಗಿರುತ್ತದೆ. ಹೀಗೆ ದಾಟಿದ ಪಲ್ಸ್ ಕೂಡ ಹೋಗುವಾಗ ಕೊಂಚ ಎಂಜಲು ಬಿಟ್ಟು ಹೋಗುತ್ತದೆ, ಎರಡನೆಯದಕ್ಕೆ ಅಷ್ಟು ಸಾಕು.

ಅಂದರೆ ಇಷ್ಟು ವರ್ಷ ಅವರು ಅಳೆದದ್ದೆಲ್ಲ ಎಂಜಲು ಅನಿಲವನ್ನು. ನಿಜ ಹೇಳುತ್ತಿದ್ದ ಶಾಟ್ ಒಂದೇ ಒಂದು, ಅದನ್ನೇ ಪ್ರತಿದಿನ ಚೆಲ್ಲಿ ಚಹಾ ತರಲು ಹೋಗುತ್ತಿದ್ದರು. ದೋಣಿಗೆ ಎರಡನೆಯ ಶಾಟ್ ಎಂಬುದು ಇರುವುದೇ ಇಲ್ಲ, ಮೊದಲನೆಯದೇ ರಿಸೀವರನ್ನು ಸುಟ್ಟುಬಿಡುತ್ತದೆ.

ದೊಡ್ಡಮ್ಮನಿಗೆ ಹೇಳಬೇಕು. ಪುಟಾಣಿ ನಾಳೆ ನಾಳೆ ಎಂದು ಮುಂದೂಡುತ್ತಲೇ ದಿನಗಳು ಉರುಳಿದವು. ಸಂಜೆ ಕಾರಿನಲ್ಲಿ ಹೇಳೋಣ ಎಂದುಕೊಂಡರೆ ಅಷ್ಟರಲ್ಲಿ ಸಿಗ್ನಲ್ ಹಸಿರಾಗುತ್ತಿತ್ತು, ದೊಡ್ಡಮ್ಮ ಮುಂದಿನ ಬಸ್ಸಿನವನನ್ನು ಬೈಯುತ್ತಿದ್ದಳು. ಪ್ರಯೋಗಾಲಯದಲ್ಲಿ ಹೇಳೋಣ ಎಂದರೆ ಎಲ್ಲರೂ ಇರುತ್ತಿದ್ದರು. ಇವೆಲ್ಲ ನೆಪ ಎಂದು ಅವಳಿಗೇ ಗೊತ್ತಿತ್ತು. ಬೈಗುಳಕ್ಕೆ ಹೆದರಿಕೆ, ಅದಕ್ಕಿಂತ ಹೆಚ್ಚಾಗಿ ಆ ಮುಖ ಸಣ್ಣಗಾಗುವುದನ್ನು ನೋಡಬೇಕಲ್ಲ ಎಂಬ ಹೆದರಿಕೆ. ಗುಣಾಕಾರದಿಂದ ಹಿಡಿದು ಬೆಸುಗೆ ಹಾಕುವ ತನಕ ಅವಳಿಗೆ ಎಲ್ಲವನ್ನೂ ಕಲಿಸಿದವಳು ದೊಡ್ಡಮ್ಮ. ಆಕೆಯ ಜೀವಮಾನದ ಕೆಲಸಕ್ಕೆ ತಾನೇ ಹೋಗಿ ಕಲ್ಲು ಹಾಕುವುದು ಹೇಗೆ? ಕಂಪನಿಯವರು ಬರುವ ದಿನ ಹತ್ತಿರವಾಗುತ್ತಿತ್ತು, ಪುಟಾಣಿಗೆ ಊಟ ಸೇರದಾಯಿತು.

ಊಟ ಬಿಟ್ಟದ್ದು ತಾಯಿಯ ಕಣ್ಣಿಗೆ ಬೀಳದೆ ಇರುತ್ತದೆಯೇ? ಆಕೆ ತನ್ನದೇ ಲೆಕ್ಕ ಹಾಕಿ ಅಕ್ಕನ ಕಿವಿಗೆ ಊದಿದಳು. ಭಾನುವಾರ ಮಧ್ಯಾಹ್ನ ದೊಡ್ಡಮ್ಮ ಮಹಡಿ ಇಳಿದು ಬಂದು ಅಡುಗೆಮನೆಯ ಮೇಜಿನೆದುರು ಕುರ್ಚಿ ಎಳೆದು ಕೂತಳು.

“ಯಾರದು, ಹೇಳು,” ಎಂದಳು.

“ಯಾರು?”

“ನಿಮ್ಮಮ್ಮ ಹೇಳಿದ್ಲು. ಬೆಳಿಗ್ಗೆ ನನ್ನ ಕಾರಿಗೂ ಕಾಯದೆ ಓಡ್ತೀಯ, ತಟ್ಟೆಲಿ ಹಾಕಿದ್ದು ಹಾಗೇ ಇರುತ್ತಂತೆ. ಹುಡುಗ ನಮ್ಮ ಲ್ಯಾಬಿನವನಾ? ಆ ಕನ್ನಡಕದವನು ಮಾತ್ರ ಬೇಡ ನೋಡು, ಅವನಿಗೆ ಒಂದು ನಟ್ಟು ಬಿಗಿಯೋಕೆ ಬರಲ್ಲ.”

ಒಲೆಯ ಮುಂದಿದ್ದ ತಾಯಿ ಚಹಾ ಸೋಸುವುದನ್ನು ನಿಲ್ಲಿಸಿ ಕಿವಿ ನಿಮಿರಿಸಿದಳು.

“ಹುಡುಗ ಅಲ್ಲ,” ಎಂದಳು ಪುಟಾಣಿ. “ನಿಮ್ಮ ಹತ್ರ ಒಂದು ವಿಷಯ ಮಾತಾಡ್ಬೇಕಿತ್ತು.”

ದೊಡ್ಡಮ್ಮನ ಹುಬ್ಬು ಮೇಲೇರಿತು. “ಮನೇಲಿ ‘ನೀವು’ ಅಂತಿದೀಯಲ್ಲೇ! ಹಾಗಾದ್ರೆ ದೊಡ್ಡದೇ ಇರ್ಬೇಕು. ಹೇಳು.”

ಪುಟಾಣಿ ಹೇಳಿದಳು. ಮೊದಲು ತಡವರಿಸಿ, ಆಮೇಲೆ ನಿಲ್ಲಿಸಲಾಗದೆ. ಸ್ವಿಚ್ಚಣ್ಣನ ಹಲ್ಲು, ನೆಟ್ಟಗೆ ದಾಟಿದ ಪಲ್ಸ್, ಬಿಸಿ ಮಾಡಿದ ಯಂತ್ರ, ಸುಮ್ಮನಿದ್ದ ಟ್ಯೂಬ್, ಎಂಜಲು, ಎಲ್ಲವನ್ನೂ ಹೇಳಿದಳು. ಮುಗಿದ ಮೇಲೆ ದೊಡ್ಡಮ್ಮ ಒಂದೇ ಪ್ರಶ್ನೆ ಕೇಳಿದಳು.

“ಕೊಳವೆ ಖಾಲಿ ಬಿಟ್ಟು ಬಿಸಿ ಮಾಡಿದ್ಯಾ, ಇಲ್ಲ ಟ್ಯೂಬ್ ಇಟ್ಕೊಂಡೇ ಮಾಡಿದ್ಯಾ?”

“ಖಾಲಿ ಬಿಟ್ಟು.”

“ಹೂಂ,” ಎಂದಳು ದೊಡ್ಡಮ್ಮ. ಮೇಜಿನ ಮೇಲೆ ಏನೂ ಇಲ್ಲದಿದ್ದರೂ ಅಂಗೈಯಿಂದ ಒರೆಸಿದಳು. ಎದ್ದು ಮೆಟ್ಟಿಲು ಹತ್ತಿ ಹೋದಳು, ಚಹಾ ಹಾಗೇ ಉಳಿಯಿತು.

“ನಾನು ಮದುವೆ ವಿಷಯ ಅಂದ್ಕೊಂಡೆ,” ಎಂದಳು ತಾಯಿ ಸಣ್ಣ ದನಿಯಲ್ಲಿ.

ಮಾರನೆಯ ದಿನದಿಂದ ಕಾರಿನಲ್ಲಿ ಮಾತಿಲ್ಲ. ಮುಂದೆ ಅಡ್ಡ ಬಂದ ಬಸ್ಸಿನವನಿಗೂ ಬೈಗುಳವಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎನಿಸಿತು ಪುಟಾಣಿಗೆ. ಪರೀಕ್ಷೆ ನಿಲ್ಲಿಸಿ ಎಂದು ದೊಡ್ಡಮ್ಮ ಯಾರಿಗೂ ಹೇಳಲಿಲ್ಲ, ನಡೆಯಲಿ ಎಂದೂ ಹೇಳಲಿಲ್ಲ. ಬೆಳಿಗ್ಗೆ ಸ್ವಿಚ್ಚಣ್ಣ ಎಂದಿನಂತೆ ಬೋಣಿ ಚೆಲ್ಲುತ್ತಿದ್ದ, ದೊಡ್ಡಮ್ಮ ಕೋಣೆಯ ಬಾಗಿಲು ಮುಚ್ಚಿಕೊಂಡು ಒಳಗಿರುತ್ತಿದ್ದಳು. ಮುಚ್ಚಿಹಾಕುವ ಯೋಚನೆಯೇನಾದರೂ ಇದೆಯೇ ಎಂಬ ಅನುಮಾನ ಒಮ್ಮೆ ಪುಟಾಣಿಯ ತಲೆಯೊಳಗೆ ಸುಳಿದುಹೋಯಿತು. ಹಾಗೆ ಯೋಚಿಸಿದ್ದಕ್ಕೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಆದರೆ ಅನುಮಾನ ಹೋಗಲಿಲ್ಲ.

ಪರೀಕ್ಷೆಯ ದಿನ ಕಂಪನಿಯ ಇಂಜಿನಿಯರ್ ಬಂದ. ಮೃದುವಾಗಿ ಮಾತಾಡುವ, ಎಲ್ಲದಕ್ಕೂ ತಲೆದೂಗುವ ಮನುಷ್ಯ. ದೊಡ್ಡಮ್ಮನನ್ನು ಕಂಡರೆ ಅವನಿಗೆ ಅಪಾರ ಗೌರವ. ಅವನು ಬಂದಿದ್ದದ್ದೇ ಒಪ್ಪಿಕೊಂಡು ಹೋಗಲು. ದೋಣಿಯಿಂದ ತಂದ ನಿಜವಾದ ರಿಸೀವರನ್ನು ಟ್ಯೂಬಿನ ಹಿಂದೆ ಜೋಡಿಸಿದರು. ಅದರ ಮೇಲೆ ಹಸಿರು ದೀಪವೊಂದು ಉರಿಯುತ್ತಿತ್ತು. ಯಂತ್ರ ಆಗಲೇ ಗುಂಯ್‌ಗುಡುತ್ತಿತ್ತು. ಸ್ವಿಚ್ಚಣ್ಣ ಗುಂಡಿಯ ಮೇಲೆ ಬೆರಳಿಟ್ಟ. ಪರದೆ ಹಾಕಿರಲಿಲ್ಲ. ರಿಸೀವರನ್ನು ಬಿಡಿಸಿಟ್ಟು ಬೋಣಿ ಹೊಡೆಯೋಣವೇ ಎಂಬಂತೆ ಅವನು ದೊಡ್ಡಮ್ಮನ ಕಡೆ ನೋಡಿದ.

“ರಿಸೀವರ್ ಇರಲಿ. ಪರದೆ ಹಾಕು,” ಎಂದಳು ದೊಡ್ಡಮ್ಮ.

“ಇದು ಬೋಣಿ, ಮೇಡಂ.”

“ಗೊತ್ತು. ಹಾಕು.”

ಅವನು ಪರದೆ ಹಾಕಿ ಗುಂಡಿ ಒತ್ತಿದ. ಟಕ್ ಎಂಬ ಸಣ್ಣ ಸದ್ದು. ಪರದೆಯ ಮೇಲೆ ಪಲ್ಸ್ ಪೂರ್ತಿಯಾಗಿ ಎದ್ದು ನಿಂತಿತು. ರಿಸೀವರಿನ ಹಸಿರು ದೀಪ ಆರಿಹೋಯಿತು.

ಮೊದಲು ಮಾತಾಡಿದವನು ಇಂಜಿನಿಯರೇ. ಅವನಿಗೆ ನಿಜವಾಗಿಯೂ ಕಸಿವಿಸಿಯಾಗಿತ್ತು.

“ಮೊದಲನೇ ಶಾಟ್ ಅಲ್ವಾ ಇದು, ಯಂತ್ರ ಇನ್ನೂ ತಣ್ಣಗಿರುತ್ತೆ. ನನ್ನ ಹತ್ರ ಇನ್ನೊಂದು ರಿಸೀವರ್ ಇದೆ. ಇದನ್ನ ಬಿಟ್ಟುಬಿಡೋಣ, ಮುಂದಿನದರಿಂದ ಲೆಕ್ಕ ಇಡೋಣ,” ಎಂದು ಪುಟಾಣಿಯ ಕಡೆ ತಿರುಗಿದ. “ವರದಿಗೆ ಸಹಿ ಹಾಕೋರು ನೀವು ತಾನೆ? ಏನಂತೀರಿ?”

ಪುಟಾಣಿಗೆ ತಪ್ಪಿಸಿಕೊಳ್ಳುವ ಬಾಗಿಲು ತಾನಾಗಿ ತೆರೆದುಕೊಂಡಿತ್ತು. ಆಗಲಿ ಎಂದರೆ ಸಾಕು, ಮುಂದಿನ ಶಾಟಿಗೆ ಕಿಡಿ ಬಂದೇ ಬರುತ್ತದೆ, ಅಲ್ಲಿಂದಾಚೆಗೆ ಟ್ಯೂಬ್ ಸೋಲುವುದಿಲ್ಲ, ದೊಡ್ಡಮ್ಮ ನಗುತ್ತಾ ಮನೆಗೆ ಬರುತ್ತಾಳೆ. ಆ ಒಂದು ಗಳಿಗೆ ಅವಳಿಗೆ ಹಾಗೆ ಹೇಳಿಬಿಡುವ ಆಸೆಯಾಯಿತು, ನಿಜವಾಗಿಯೂ ಆಯಿತು.

“ಅವಳನ್ನ ಕೇಳ್ಬೇಡಿ,” ಎಂದಳು ದೊಡ್ಡಮ್ಮ. “ಅವಳು ಹೇಳ್ಬೇಕಾದ್ದನ್ನ ನನಗೆ ಆಗಲೇ ಹೇಳಿದಾಳೆ. ನಿಮಗೆ ಹೇಳ್ಬೇಕಾದೋಳು ನಾನು. ಯಂತ್ರ ತಣ್ಣಗಿಲ್ಲ. ಬೆಳಿಗ್ಗೆ ನೀವು ಬರೋಕೆ ಮುಂಚೆ ಖಾಲಿ ಕೊಳವೆಗೆ ಹೊಡೆದು ನಾನೇ ಬಿಸಿ ಮಾಡಿಟ್ಟಿದೀನಿ. ನಿಮ್ಮ ದೋಣಿಗೆ ಬರೋದು ಈ ಮೊದಲನೇ ಪಲ್ಸೇ, ಎರಡನೇದು ಬರೋ ಹೊತ್ತಿಗೆ ರಿಸೀವರೇ ಇರಲ್ಲ. ಟ್ಯೂಬ್ ಸೋತಿದೆ ಅಂತ ಬರ್ಕೊಳ್ಳಿ.”

ಇಂಜಿನಿಯರ್ ತಲೆದೂಗಿದ, ಈ ಸಲ ಬಹಳ ನಿಧಾನವಾಗಿ. ಹೋಗುವಾಗ ದೊಡ್ಡಮ್ಮನಿಗೆ ಎರಡೂ ಕೈ ಜೋಡಿಸಿ ಹೋದ. ಸ್ವಿಚ್ಚಣ್ಣ ಚಹಾ ತರುತ್ತೇನೆಂದು ಹೊರಗೆ ಹೋದವನು ಬಹಳ ಹೊತ್ತು ಬರಲೇ ಇಲ್ಲ. ಕಣ್ಣು ಒರೆಸಿಕೊಂಡು ಮೆಟ್ಟಿಲ ಮೇಲೆ ಕೂತಿದ್ದನೆಂದು ಕನ್ನಡಕದವನು ಆಮೇಲೆ ಹೇಳಿದ.

ಸಂಜೆ ಕಾರಿನಲ್ಲಿ ದೊಡ್ಡಮ್ಮ ಗೇಟು ದಾಟಿ ಸ್ವಲ್ಪ ದೂರ ಹೋಗಿ, ರಸ್ತೆಯ ಪಕ್ಕಕ್ಕೆ ಗಾಡಿ ನಿಲ್ಲಿಸಿದಳು. ಇಬ್ಬರ ಎದುರಿಗೂ ಒಂದು ಔಷಧಿ ಅಂಗಡಿ, ಅದರ ಮುಂದೆ ಛತ್ರಿ ರಿಪೇರಿ ಮಾಡುವವನು ಸಾಮಾನು ಕಟ್ಟಿಕೊಳ್ಳುತ್ತಿದ್ದ.

“ನಿನಗೆ ಯಾವತ್ತಿಂದ ಗೊತ್ತಿತ್ತು?”

“ಒಂದು ತಿಂಗಳ ಹತ್ರ ಆಯ್ತು.”

“ಒಂದು ತಿಂಗಳು! ಅಷ್ಟು ದಿನ ಯಾಕೆ ಹೇಳಲಿಲ್ಲ?”

“ಬೈತೀಯ ಅಂತ,” ಎಂದ ಪುಟಾಣಿಯ ದನಿ ಚಿಕ್ಕ ಮಗುವಿನದಾಗಿತ್ತು.

ದೊಡ್ಡಮ್ಮ ಸ್ಟೀರಿಂಗ್ ಹಿಡಿದುಕೊಂಡೇ ಅಳತೊಡಗಿದಳು. ಆಕೆ ಅತ್ತದ್ದನ್ನು ಪುಟಾಣಿ ಅದುವರೆಗೂ ನೋಡಿರಲಿಲ್ಲ. ಏನು ಮಾಡಬೇಕೋ ತಿಳಿಯದೆ ಆಕೆಯ ತೋಳು ಹಿಡಿದುಕೊಂಡಳು.

“ಟ್ಯೂಬ್ ಹೋಯ್ತು ಅಂತ ಅಳ್ತಿದೀನಿ ಅಂದ್ಕೋಬೇಡ,” ಎಂದಳು ದೊಡ್ಡಮ್ಮ. “ಅದಕ್ಕೆ ಈ ವಾರವಿಡೀ ಅತ್ತಾಗಿದೆ, ಕೋಣೆ ಬಾಗಿಲು ಹಾಕ್ಕೊಂಡು. ನನ್ನ ಬಾಯಿಗೆ ಹೆದರಿ ನೀನು ಒಂದು ತಿಂಗಳು ಊಟ ಬಿಟ್ಯಲ್ಲ. ಎತ್ತಿ ಆಡಿಸಿದ ಮಗು ನೀನು. ನೀನೇ ಹೆದರ್ತೀಯ ಅಂದ್ರೆ ಆ ಲ್ಯಾಬಲ್ಲಿ ಇನ್ಯಾರು ನನಗೆ ಏನು ಹೇಳಿಯಾರು? ಎಷ್ಟು ಜನ ಏನೇನು ನೋಡಿ ಬಾಯಿ ಮುಚ್ಕೊಂಡಿದಾರೋ!” ಸೆರಗಿನಲ್ಲಿ ಮೂಗು ಒರೆಸಿಕೊಂಡಳು. “ನೋಡು, ನನ್ನ ಬಾಯಿ ಈ ವಯಸ್ಸಲ್ಲಿ ಸರಿಹೋಗಲ್ಲ. ಬೈದ್ರೆ ಬೈಸ್ಕೋ. ಆದ್ರೆ ಗೊತ್ತಾದ ದಿನವೇ ಹೇಳು.”

ಪುಟಾಣಿ ಔಷಧಿ ಅಂಗಡಿಯ ಕಡೆ ನೋಡಿದಳು. ಛತ್ರಿಯವನು ಗಂಟು ಹೊತ್ತುಕೊಂಡು ಹೊರಟುಹೋದ.

“ಹಾಗಾದ್ರೆ ಇನ್ನೊಂದಿದೆ,” ಎಂದಳು.

ದೊಡ್ಡಮ್ಮ ತಿರುಗಿ ನೋಡಿದಳು.

“ಯಾವ ಅನಿಲ ಎಷ್ಟು ಬಲದ ಪಲ್ಸಿಗೆ ಸಿಡಿಯುತ್ತೆ ಅಂತ ಇಷ್ಟು ವರ್ಷ ನೀನು ಅಂಕಿ ಪ್ರಕಟಿಸಿದೀಯಲ್ಲ, ಅದೆಲ್ಲಾನೂ ಬೋಣಿ ಚೆಲ್ಲಿಯೇ ಅಳೆದಿರೋದು. ಅದನ್ನೇ ನಂಬ್ಕೊಂಡು ಬೇರೆ ಬೇರೆ ಊರಲ್ಲಿ ಜನ ಟ್ಯೂಬ್ ಮಾಡ್ತಿದಾರೆ.”

ಆಗ ದೊಡ್ಡಮ್ಮ ಬೈದಳು. ಬಾಯಿ ತುಂಬ ಬೈದಳು. ಇದನ್ನು ಬೆಳಿಗ್ಗೆ ಆ ಮನುಷ್ಯ ಇದ್ದಾಗಲೇ ಹೇಳುವುದಕ್ಕೆ ಏನಾಗಿತ್ತು ಎಂದು, ಒಂದು ತಿಂಗಳು ಕತ್ತೆ ಕಾಯುತ್ತಿದ್ದೆಯಾ ಎಂದು, ನಿಮ್ಮಮ್ಮನೂ ಚಿಕ್ಕಂದಿನಿಂದ ಹೀಗೇ ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಳ್ಳುವವಳೇ ಎಂದು, ದಾರಿಯಲ್ಲಿ ಹೋಗುವವರು ನಿಂತು ನೋಡುವಷ್ಟು ಗಟ್ಟಿಯಾಗಿ. ಪುಟಾಣಿ ಒಂದೂ ಬಿಡದೆ ಕೇಳಿಸಿಕೊಂಡಳು. ಎಷ್ಟೋ ದಿನಗಳಿಂದ ಕಟ್ಟಿಕೊಂಡಿದ್ದ ಎದೆ ಹಗುರಾಗಿ ಅವಳಿಗೆ ಹಸಿವಾಗತೊಡಗಿತು.

ಬೈದು ಸುಸ್ತಾಗಿ ದೊಡ್ಡಮ್ಮ ಸೀಟಿಗೆ ಒರಗಿದಳು. ಕಣ್ಣು ಮುಚ್ಚಿಕೊಂಡು ಯೋಚಿಸಿದಳು. ಆಮೇಲೆ ಕಣ್ಣು ತೆರೆದು ಕೇಳಿದಳು:

“ಮೊದಲು ಯಾರಿಗೆ ಹೇಳೋಣ?”